ವ್ಯಾಜ್ಯ ಎದುರಾದಾಗ ನೌಕರರ ಇಮೇಲ್ ಉಳಿಸಿಕೊಳ್ಳುವುದು: ಮೇಲ್ ಸರ್ವರ್ ಜರ್ನಲಿಂಗ್ ಅಳವಡಿಸುವ ಕ್ರಮ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ ಎಂದಿಟ್ಟುಕೊಳ್ಳೋಣ. ನಲವತ್ತು ಜನರ ಕಚೇರಿ, ಸ್ವಂತ ಡೊಮೇನ್, ಒಳಕೋಣೆಯಲ್ಲಿ ಒಂದು ಲಿನಕ್ಸ್ ಮೇಲ್ ಸರ್ವರ್. ಹೊರರಾಜ್ಯದ ಖರೀದಿದಾರರೊಬ್ಬರು ತೊಗರಿ ಬೇಳೆಯ ಒಂದು ಲೋಡಿನಲ್ಲಿ ತೇವಾಂಶ ಒಪ್ಪಂದಕ್ಕಿಂತ ಹೆಚ್ಚಿತ್ತು ಎಂದು ಹಣ ತಡೆಹಿಡಿಯುತ್ತಾರೆ. ವಾರ ಕಳೆಯುವುದರೊಳಗೆ ವಕೀಲರ ನೋಟಿಸು ಬರುತ್ತದೆ. ಲ್ಯಾಬ್ ವರದಿ, ಲಾರಿ ಹೊರಟ ಸಮಯ, ‘ಮಾಲು ತಲುಪಿದೆ, ಸರಿಯಾಗಿದೆ’ ಎಂಬ ಅವರ ಉತ್ತರ ಎಲ್ಲವೂ ಇಮೇಲ್‌ನಲ್ಲೇ ಇವೆ. ಆದರೆ ರವಾನೆ ವಿಭಾಗದ ಗುಮಾಸ್ತರು ಅಚ್ಚುಕಟ್ಟಿನವರು, ತಿಂಗಳಿಗೊಮ್ಮೆ ಮೇಲ್ ಪೆಟ್ಟಿಗೆಯನ್ನು ಖಾಲಿ ಮಾಡುತ್ತಾರೆ. ಅವರಲ್ಲಿ ಯಾವ ದುರುದ್ದೇಶವೂ ಇಲ್ಲ, ಆದರೂ ಸಾಕ್ಷ್ಯ ಹೋಗಿಬಿಟ್ಟಿರುತ್ತದೆ.

ಹೀಗಾಗಬಾರದು ಎಂದರೆ ಎರಡು ಕೆಲಸ ಬೇಕು. ವ್ಯಾಜ್ಯಕ್ಕೆ ಸಂಬಂಧಿಸಿದ ಯಾವುದನ್ನೂ ಅಳಿಸಬಾರದು ಎಂದು ಸಂಸ್ಥೆ ಹೊರಡಿಸುವ ಲಿಖಿತ ತಡೆಯಾಜ್ಞೆ ಒಂದು. ಇದನ್ನೇ ವಕೀಲರು ಲೀಗಲ್ ಹೋಲ್ಡ್ ಎನ್ನುತ್ತಾರೆ. ಆ ಆದೇಶವನ್ನು ನೌಕರರ ನೆನಪಿನ ಮೇಲೆ ಬಿಡದೆ ಯಂತ್ರದ ಮಟ್ಟದಲ್ಲೇ ಜಾರಿಗೆ ತರುವ ಜರ್ನಲಿಂಗ್ ಇನ್ನೊಂದು. ಸರ್ವರ್ ಮೂಲಕ ಹಾದುಹೋಗುವ ಪ್ರತಿ ಇಮೇಲ್‌ನ ಒಂದು ನಕಲು, ನೌಕರರ ಪೆಟ್ಟಿಗೆ ಸೇರುವ ಮೊದಲೇ ಬೇರೆ ಭಂಡಾರಕ್ಕೆ ಹೋಗುವುದೇ ಜರ್ನಲಿಂಗ್. ಆಮೇಲೆ ನೌಕರರು ತಮ್ಮ ಪ್ರತಿಯನ್ನು ಅಳಿಸಿದರೂ ಭಂಡಾರದ ಪ್ರತಿಗೆ ಏನೂ ಆಗುವುದಿಲ್ಲ.

ಜರ್ನಲಿಂಗ್ ಶುರುವಾದ ಕ್ಷಣದಿಂದ ಮುಂದೆ ಬರುವುದನ್ನು ಮಾತ್ರ ಹಿಡಿಯುತ್ತದೆ, ನಿನ್ನೆಯದನ್ನು ಹಿಡಿಯುವುದಿಲ್ಲ. ನೋಟಿಸು ಬಂದ ದಿನ ಜರ್ನಲಿಂಗ್ ಹಾಕಿ ನಿಶ್ಚಿಂತೆಯಿಂದ ಕುಳಿತರೆ, ವ್ಯಾಜ್ಯಕ್ಕೆ ಬೇಕಾದ ಹಳೆಯ ಪತ್ರಗಳು ಅಷ್ಟರಲ್ಲೇ ಅಳಿಯುತ್ತಿರಬಹುದು. ಆದ್ದರಿಂದ ಮೊದಲು ಹಳೆಯದನ್ನು ಹೆಪ್ಪುಗಟ್ಟಿಸಿ, ಆಮೇಲೆ ಹೊಸದನ್ನು ಹಿಡಿಯಿರಿ. ಈ ಲೇಖನದ ಕ್ರಮವೂ ಅದೇ.

ಯಾವ ದಿನ ಶುರು ಮಾಡಬೇಕು

ದಾವೆ ಹೂಡಿದ ದಿನಕ್ಕಾಗಿ ಕಾಯಬೇಡಿ. ವ್ಯಾಜ್ಯ ಬರಬಹುದು ಎಂದು ಸಂಸ್ಥೆಗೆ ಗೊತ್ತಾದ ದಿನವೇ ಶುರುವಿನ ದಿನ. ವಕೀಲರ ನೋಟಿಸು, ಇಲಾಖೆಯ ಕಾರಣ ಕೇಳುವ ಪತ್ರ, ವಜಾಗೊಂಡ ನೌಕರರ ಲಿಖಿತ ತಕರಾರು, ಇವೆಲ್ಲ ಸೂಚನೆಗಳೇ. ಸರ್ಕಾರಿ ಕಚೇರಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ನೋಟಿಸು ಬಂದಾಗ ದಾವೆಗೆ ಸಾಮಾನ್ಯವಾಗಿ ಎರಡು ತಿಂಗಳ ಅವಕಾಶವಿರುತ್ತದೆ. ಖಾಸಗಿ ವಾಣಿಜ್ಯ ವ್ಯಾಜ್ಯದಲ್ಲಿ ತುರ್ತು ಪರಿಹಾರ ಬೇಡದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ಅದೂ ತಿಂಗಳುಗಳನ್ನು ತಿನ್ನುತ್ತದೆ. ಈ ಅಂತರದಲ್ಲೇ ಮೇಲ್ ಪೆಟ್ಟಿಗೆಗಳು ಖಾಲಿಯಾಗುತ್ತವೆ.

ಲೀಗಲ್ ಹೋಲ್ಡ್ ಎಂಬ ಹೆಸರಿನ ಕಾನೂನು ನಮ್ಮಲ್ಲಿ ಬೇರೆಯಾಗಿ ಇಲ್ಲ. ಹಾಗೆಂದು ಇದು ಐಚ್ಛಿಕವೂ ಅಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ನಂತರ ವಾಣಿಜ್ಯ ದಾವೆಗಳಲ್ಲಿ ಪಕ್ಷಕಾರರು ತಮ್ಮ ವಶದಲ್ಲಿರುವ ಸಂಬಂಧಿತ ದಾಖಲೆಗಳನ್ನು, ತಮಗೆ ಪ್ರತಿಕೂಲವಾದವುಗಳನ್ನೂ ಸೇರಿಸಿ, ಆರಂಭದಲ್ಲೇ ಬಹಿರಂಗಪಡಿಸಬೇಕು. 2018ರ ತಿದ್ದುಪಡಿಯಿಂದ ಮೂರು ಲಕ್ಷ ರೂಪಾಯಿಯ ವ್ಯವಹಾರವೂ ಇದರ ವ್ಯಾಪ್ತಿಗೆ ಬಂದಿದೆ. ಗಂಜ್ ಮಾರುಕಟ್ಟೆಯಲ್ಲಿ ಮೂರು ಲಕ್ಷ ಎಂದರೆ ದೊಡ್ಡ ಮೊತ್ತವೇನಲ್ಲ. ಸಾಕ್ಷ್ಯವಾಗಿ ಹಾಜರುಪಡಿಸಬೇಕಾದ ವಿದ್ಯುನ್ಮಾನ ದಾಖಲೆಯನ್ನು ಹಾಜರಾಗದಂತೆ ತಡೆಯಲೆಂದು ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಡಿ ಅಪರಾಧ.

ಮೊದಲ ಗಂಟೆಯ ಕೆಲಸ: ಅಳಿಸುವ ಯಂತ್ರಗಳನ್ನು ನಿಲ್ಲಿಸಿ

ಜನರು ಅಳಿಸುವುದಕ್ಕಿಂತ ಹೆಚ್ಚು ಇಮೇಲ್‌ಗಳನ್ನು ನಾವೇ ಹಾಕಿಟ್ಟ ಸ್ವಯಂಚಾಲಿತ ನಿಯಮಗಳು ಅಳಿಸುತ್ತವೆ. ಮೇಲ್ ಪೆಟ್ಟಿಗೆಗಳನ್ನು ನಿರ್ವಹಿಸುವ ಡವ್‌ಕಾಟ್ ತಂತ್ರಾಂಶ ಬಳಸುವವರು ಕಸದ ಫೋಲ್ಡರಿಗೆ ‘ಆಟೋಎಕ್ಸ್‌ಪಂಜ್’ (ಹಳೆಯ ಪತ್ರ ತಾನಾಗಿ ಅಳಿಸುವ ನಿಯಮ) ಹಾಕಿದ್ದರೆ ತೆಗೆಯಿರಿ. ರಾತ್ರಿ ನಿಗದಿತ ಸಮಯಕ್ಕೆ ತಾವಾಗಿ ಓಡುವ ಕ್ರಾನ್ ಕೆಲಸಗಳಲ್ಲಿ ಹಳೆಯ ಮೇಲ್ ಅಳಿಸುವ ಸಾಲು ಇದೆಯೇ ನೋಡಿ. ಸಾಧ್ಯವಾದರೆ ಡವ್‌ಕಾಟ್‌ನ ‘ಲೇಜಿ ಎಕ್ಸ್‌ಪಂಜ್’ ಪ್ಲಗಿನ್ ಚಾಲೂ ಮಾಡಿ. ಬಳಕೆದಾರರು ಶಾಶ್ವತವಾಗಿ ಅಳಿಸಿದ್ದನ್ನೂ ಅದು ಬೇರೊಂದು ಫೋಲ್ಡರಿಗೆ ಸರಿಸಿ ಇಡುತ್ತದೆ.

ನಂತರ ಲಾಗ್ ಕಡತಗಳು, ಅಂದರೆ ಯಾವ ಪತ್ರ ಯಾವಾಗ ಎಲ್ಲಿಗೆ ಹೋಯಿತು ಎಂದು ಸರ್ವರ್ ಬರೆದಿಡುವ ದಿನಚರಿ. ಡೆಬಿಯನ್ ಮಾದರಿಯ ಲಿನಕ್ಸ್ ಸರ್ವರ್‌ಗಳಲ್ಲಿ ಮೇಲ್ ಲಾಗ್ ವಾರಕ್ಕೊಮ್ಮೆ ತಿರುಗಿ (ಹೊಸ ಕಡತ ಶುರುವಾಗಿ, ಅತಿ ಹಳೆಯದು ಅಳಿದು) ನಾಲ್ಕು ವಾರಗಳಷ್ಟು ಮಾತ್ರ ಉಳಿಯುವುದು ರೂಢಿ. ತಿರುಗುವ ಸಂಖ್ಯೆಯನ್ನು ಈಗಲೇ ಹೆಚ್ಚಿಸಿ, ಇರುವ ಎಲ್ಲ ಹಳೆಯ ಲಾಗ್‌ಗಳನ್ನು ಪ್ರತಿ ತೆಗೆದಿಡಿ. ಇವು ಯಾಕೆ ಇಷ್ಟು ಮುಖ್ಯ ಎಂಬುದನ್ನು ಲಕೋಟೆಯ ವಿಷಯದಲ್ಲಿ ಹೇಳುತ್ತೇನೆ.

ಮೂರನೆಯದು ನಮ್ಮ ಭಾಗದ ಸಣ್ಣ ಕಚೇರಿಗಳಲ್ಲಿ ತುಂಬ ಸಾಮಾನ್ಯ. ಔಟ್‌ಲುಕ್‌ನಲ್ಲಿ ಪಾಪ್ ಖಾತೆ (ಪತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ) ಹಾಕಿ, ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂಬ ಗುರುತನ್ನು ತೆಗೆದುಬಿಟ್ಟಿರುತ್ತಾರೆ. ಆಗ ಸರ್ವರ್‌ನಲ್ಲಿ ಏನೂ ಇರುವುದಿಲ್ಲ, ವರ್ಷಗಳ ಪತ್ರವ್ಯವಹಾರ ಒಂದು ಹಳೆಯ ಕಂಪ್ಯೂಟರಿನ ಪಿಎಸ್‌ಟಿ ಕಡತದಲ್ಲಿ ಕುಳಿತಿರುತ್ತದೆ. ಆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಕಳುಹಿಸುವ ಮೊದಲು ಕಡತವನ್ನು ಪ್ರತಿ ತೆಗೆಯಿರಿ. ಪ್ರತಿ ಮೇಜಿಗೂ ಹೋಗಿ ನೋಡುವುದೇ ಇದಕ್ಕಿರುವ ದಾರಿ.

ಯಾರ ಇಮೇಲ್

ಪಟ್ಟಿಯನ್ನು ವಕೀಲರೊಂದಿಗೆ ಕುಳಿತು ಮಾಡಿ. ಬೇಳೆಯ ಉದಾಹರಣೆಯಲ್ಲಿ ಮಾಲೀಕರು, ಮಾರಾಟದವರು, ಲ್ಯಾಬ್, ರವಾನೆ, ಲೆಕ್ಕಪತ್ರ ಎಲ್ಲರೂ ಬರುತ್ತಾರೆ. ಮರೆತುಹೋಗುವವರು ಮೂವರು: ಮಾಲೀಕರ ಪರವಾಗಿ ಪತ್ರ ಬರೆಯುವ ಸಹಾಯಕರು, ಕೆಲಸ ಬಿಟ್ಟು ಹೋದವರು, ಮತ್ತು ಯಾರ ಹೆಸರಿನಲ್ಲೂ ಇಲ್ಲದ ‘ಸೇಲ್ಸ್’, ‘ಅಕೌಂಟ್ಸ್’ ಎಂಬ ಸಾಮೂಹಿಕ ವಿಳಾಸಗಳು. ಕೆಲಸ ಬಿಟ್ಟವರ ಖಾತೆಯನ್ನು ಅಳಿಸಬೇಡಿ, ಪಾಸ್‌ವರ್ಡ್ ಬದಲಿಸಿ ತಡೆಹಿಡಿಯಿರಿ.

ಈಗ ಆ ಪೆಟ್ಟಿಗೆಗಳ ಈ ಹೊತ್ತಿನ ಸ್ಥಿತಿಯನ್ನು ಹಾಗೆಯೇ ಪ್ರತಿ ತೆಗೆಯಬೇಕು. ಪ್ರತಿ ಪತ್ರಕ್ಕೂ ಒಂದು ಕಡತವಿರುವ ಮೇಲ್‌ಡಿರ್ ರೂಪದಲ್ಲಿದ್ದರೆ ಸಮಯದ ಗುರುತುಗಳು ಬದಲಾಗದಂತೆ ‘ಆರ್‌ಸಿಂಕ್ -ಎ’ ಅಥವಾ ‘ಟಾರ್’ ಬಳಸಿ. ಪತ್ರಗಳನ್ನು ಇನ್ನೊಂದು ವಿಳಾಸಕ್ಕೆ ಫಾರ್ವರ್ಡ್ ಮಾಡುವುದನ್ನು ಯಾರಾದರೂ ಸಲಹೆ ಮಾಡಿದರೆ ದಯವಿಟ್ಟು ತಡೆಯಿರಿ. ಫಾರ್ವರ್ಡ್ ಮಾಡಿದ ಪತ್ರ ಹೊಸ ಪತ್ರ, ಮೂಲದ ಶಿರೋಭಾಗ (ಹೆಡರ್) ಅದರಲ್ಲಿ ಉಳಿಯುವುದಿಲ್ಲ. ವಿದ್ಯುನ್ಮಾನ ದಾಖಲೆಯನ್ನು ಮೂಲ ರೂಪದಲ್ಲಿ ಅಥವಾ ಮೂಲವನ್ನು ನಿಖರವಾಗಿ ತೋರಿಸುವ ರೂಪದಲ್ಲಿ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವಾಗ ಎಂಬ ವಿವರಗಳೊಂದಿಗೆ ಇಡಬೇಕು ಎನ್ನುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮಿನ ಅಪೇಕ್ಷೆ. ಪರದೆಯ ಚಿತ್ರ, ಮುದ್ರಿತ ಹಾಳೆ ಇವು ಓದಲು ಅನುಕೂಲ, ಸಂರಕ್ಷಣೆ ಅಲ್ಲ.

ಪೋಸ್ಟ್‌ಫಿಕ್ಸ್‌ನಲ್ಲಿ ಜರ್ನಲಿಂಗ್

ಪತ್ರ ಕಳುಹಿಸುವ, ಸ್ವೀಕರಿಸುವ ಸರ್ವರ್ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ಗೆ ಜರ್ನಲಿಂಗ್ ಎಂಬ ಹೆಸರಿನ ಸೌಲಭ್ಯ ಇಲ್ಲ, ಆದರೆ ಅದೇ ಕೆಲಸ ಮಾಡುವ ಮೂರು ನಿಯಮಗಳಿವೆ. ‘ಮೇನ್.ಸಿಎಫ್’ ಕಡತದಲ್ಲಿ ‘ಆಲ್ವೇಸ್_ಬಿಸಿಸಿ’ ಎಂದು ಬರೆದು ಒಂದು ವಿಳಾಸ ಕೊಟ್ಟರೆ ಸರ್ವರ್ ಸ್ವೀಕರಿಸುವ ಪ್ರತಿ ಪತ್ರದ ಪ್ರತಿ ಅಲ್ಲಿಗೆ ಹೋಗುತ್ತದೆ. ಕೆಲವರದ್ದು ಮಾತ್ರ ಬೇಕಿದ್ದರೆ ಕಳುಹಿಸುವವರಿಗೆ ‘ಸೆಂಡರ್_ಬಿಸಿಸಿ_ಮ್ಯಾಪ್ಸ್’, ಪಡೆಯುವವರಿಗೆ ‘ರೆಸಿಪಿಯೆಂಟ್_ಬಿಸಿಸಿ_ಮ್ಯಾಪ್ಸ್’. ಎರಡನ್ನೂ ಹಾಕಬೇಕು. ಒಂದನ್ನೇ ಹಾಕಿದರೆ ಸಂಭಾಷಣೆಯ ಅರ್ಧ ಮಾತ್ರ ಸಿಗುತ್ತದೆ. ಪಟ್ಟಿ ಬರೆದ ಮೇಲೆ ‘ಪೋಸ್ಟ್‌ಮ್ಯಾಪ್’ ಓಡಿಸಿ, ‘ಪೋಸ್ಟ್‌ಫಿಕ್ಸ್ ರೀಲೋಡ್’ ಮಾಡಿ.

ನಲವತ್ತು ಜನರ ಸಂಸ್ಥೆಗೆ ನನ್ನ ಸಲಹೆ ‘ಆಲ್ವೇಸ್_ಬಿಸಿಸಿ’ಯೇ. ಪಟ್ಟಿ ಮಾಡಿದಾಗ ಒಂದು ಹೆಸರು ತಪ್ಪುತ್ತದೆ, ಮುಖ್ಯ ಪತ್ರ ಆ ಹೆಸರಿಗೇ ಬಂದಿರುತ್ತದೆ. ಜಾಗದ ಭಯ ಬೇಡ. ಒಬ್ಬರಿಗೆ ದಿನಕ್ಕೆ ಅರವತ್ತು ಪತ್ರ, ಪತ್ರಕ್ಕೆ ಸರಾಸರಿ 200 ಕೆಬಿ ಎಂದು ಹಿಡಿದರೆ ದಿನಕ್ಕೆ 480 ಎಂಬಿ, ಮುನ್ನೂರು ಕೆಲಸದ ದಿನಗಳಿಗೆ 144 ಜಿಬಿ. ಇಂದಿನ ಒಂದು ಸಾಧಾರಣ ಹಾರ್ಡ್ ಡಿಸ್ಕಿಗೆ ಇದು ಹೊರೆಯಲ್ಲ.

ಇನ್ನು ಜಾಗರೂಕತೆ ಬೇಕಾದ ಕಡೆಗಳು. ಪೋಸ್ಟ್‌ಫಿಕ್ಸ್ 2.3ರಿಂದ ಈಚೆಗೆ ಭಂಡಾರದ ವಿಳಾಸಕ್ಕೆ ಪ್ರತಿ ತಲುಪದಿದ್ದರೆ ಆ ವೈಫಲ್ಯದ ಸೂಚನೆ ಮೂಲ ಪತ್ರ ಕಳುಹಿಸಿದವರಿಗೆ ಹೋಗುವುದಿಲ್ಲ, ಪ್ರತಿ ಸದ್ದಿಲ್ಲದೆ ಕಳೆದುಹೋಗಬಹುದು. ಸರದಿಯಲ್ಲಿ ಪತ್ರ ಕಾಯುವ ಅವಧಿ ಸಹಜವಾಗಿ ಐದು ದಿನ. ಜಾತ್ರೆ, ಹಬ್ಬ, ಭಾನುವಾರ ಕೂಡಿ ರಜೆ ಉದ್ದವಾಗಿ, ನಡುವೆ ವಿದ್ಯುತ್ ಹೋಗಿ ಭಂಡಾರದ ಸರ್ವರ್ ನಿಂತುಬಿಟ್ಟರೆ ಐದು ದಿನ ಬೇಗ ಮುಗಿಯುತ್ತದೆ. ಸರದಿ ಬೆಳೆದರೆ ಮೊಬೈಲಿಗೆ ಎಚ್ಚರಿಕೆ ಬರುವ ವ್ಯವಸ್ಥೆ ಮಾಡಿಕೊಳ್ಳಿ, ಬೇಸಿಗೆಯಲ್ಲಿ ಯುಪಿಎಸ್ ಬ್ಯಾಟರಿಯ ಸ್ಥಿತಿ ನೋಡುತ್ತಿರಿ.

ವೈರಸ್, ಸ್ಪ್ಯಾಮ್ ತಪಾಸಣೆಗೆ ಅಮಾವಿಸ್ ಬಳಸುವಲ್ಲಿ ಪತ್ರ ಎರಡು ಬಾರಿ ಪೋಸ್ಟ್‌ಫಿಕ್ಸ್ ಒಳಗೆ ಬರುತ್ತದೆ, ಆದ್ದರಿಂದ ಪ್ರತಿಯೂ ಎರಡಾಗುತ್ತದೆ. ತಪಾಸಣೆಗೆ ಮುಂಚಿನ ಹಂತದಲ್ಲಿ ‘ರಿಸೀವ್_ಓವರ್‌ರೈಡ್_ಆಪ್ಷನ್ಸ್’ಗೆ ‘ನೋ_ಅಡ್ರೆಸ್_ಮ್ಯಾಪಿಂಗ್ಸ್’ ಕೊಟ್ಟರೆ ಒಂದೇ ಪ್ರತಿ ಉಳಿಯುತ್ತದೆ. ಭಂಡಾರದ ವಿಳಾಸಕ್ಕೆ ಹೊರಗಿನವರು ನೇರವಾಗಿ ಪತ್ರ ಕಳುಹಿಸದಂತೆ ಸ್ವೀಕೃತಿ ನಿಯಮದಲ್ಲಿ ನಿರಾಕರಿಸಿ. ಇಲ್ಲದಿದ್ದರೆ ನಾಳೆ ಯಾರಾದರೂ ‘ಈ ಪತ್ರವನ್ನು ಹೊರಗಿನಿಂದ ತುರುಕಲಾಗಿದೆ’ ಎಂದು ವಾದಿಸಬಹುದು.

ಲಕೋಟೆಯ ವಿಷಯ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನರು ಎಡವುವುದು ಇಲ್ಲಿ. ಇಮೇಲ್‌ಗೆ ಎರಡು ವಿಳಾಸ ಪಟ್ಟಿಗಳಿವೆ. ಪತ್ರದೊಳಗೆ ಕಾಣುವ ‘ಟು’, ‘ಸಿಸಿ’ ಸಾಲುಗಳು ಒಂದು. ಸರ್ವರ್‌ಗಳು ಪರಸ್ಪರ ಮಾತನಾಡುವಾಗ ಹೇಳಿಕೊಳ್ಳುವ ನಿಜವಾದ ತಲುಪಿಸುವ ವಿಳಾಸಗಳು ಇನ್ನೊಂದು, ಇದೇ ಲಕೋಟೆ. ಅಂಚೆಯಲ್ಲೂ ಹಾಗೆಯೇ ಅಲ್ಲವೇ, ಒಳಗಿನ ಕಾಗದದಲ್ಲಿ ‘ಮಾನ್ಯರೇ’ ಎಂದಷ್ಟೇ ಇದ್ದರೂ ಕಾಗದ ತಲುಪುವುದು ಕವರಿನ ಮೇಲಿನ ವಿಳಾಸಕ್ಕೆ. ‘ಬಿಸಿಸಿ’ಯಲ್ಲಿದ್ದವರ ಹೆಸರು ಲಕೋಟೆಯಲ್ಲಿ ಮಾತ್ರ ಇರುತ್ತದೆ. ಸಾಮೂಹಿಕ ವಿಳಾಸಕ್ಕೆ ಕಳುಹಿಸಿದ ಪತ್ರ ಆ ದಿನ ಯಾರ್‍ಯಾರಿಗೆ ಹೋಯಿತು ಎಂಬುದೂ ಒಳಗಿನ ಸಾಲುಗಳಿಂದ ತಿಳಿಯುವುದಿಲ್ಲ.

ಪೋಸ್ಟ್‌ಫಿಕ್ಸ್‌ನ ಬಿಸಿಸಿ ಪ್ರತಿ ಭಂಡಾರಕ್ಕೆ ತಲುಪಿದಾಗ ಅದರ ಲಕೋಟೆಯಲ್ಲಿ ಇರುವುದು ಭಂಡಾರದ ವಿಳಾಸ. ಮೂಲ ಲಕೋಟೆ ಹೋಗಿಬಿಟ್ಟಿರುತ್ತದೆ. ಹಾಗಾಗಿ ಲಾಗ್ ಕಡತಗಳೇ ಆಧಾರ. ಪೋಸ್ಟ್‌ಫಿಕ್ಸ್ ಪ್ರತಿ ಪತ್ರಕ್ಕೆ ಸರದಿ ಗುರುತು ಕೊಡುತ್ತದೆ. ಒಂದು ಸಾಲಿನಲ್ಲಿ ಆ ಗುರುತಿನ ಜೊತೆ ಮೆಸೇಜ್-ಐಡಿ (ಪತ್ರದೊಳಗೇ ಇರುವ ಅದರ ವಿಶಿಷ್ಟ ಗುರುತು), ಇನ್ನೊಂದರಲ್ಲಿ ಕಳುಹಿಸಿದವರು, ಮತ್ತೊಂದರಲ್ಲಿ ತಲುಪಿದ ಪ್ರತಿ ವಿಳಾಸ ಮತ್ತು ಸಮಯ ಇರುತ್ತವೆ. ಭಂಡಾರದ ಪತ್ರದ ಮೆಸೇಜ್-ಐಡಿ ಹಿಡಿದು ಲಾಗ್‌ನಲ್ಲಿ ಸರದಿ ಗುರುತು ಹುಡುಕಿದರೆ ಲಕೋಟೆಯನ್ನು ಮತ್ತೆ ಕಟ್ಟಬಹುದು. ಪತ್ರಗಳಷ್ಟೇ ಜತನದಿಂದ ಲಾಗ್ ಉಳಿಸಬೇಕು ಎಂದದ್ದು ಇದಕ್ಕೇ. ಸರ್ವರ್‌ನ ಗಡಿಯಾರ ಎನ್‌ಟಿಪಿಯೊಂದಿಗೆ (ಜಾಲದ ಮೂಲಕ ಗಡಿಯಾರ ಸರಿಹೊಂದಿಸುವ ವ್ಯವಸ್ಥೆ) ಹೊಂದಿಕೊಂಡಿದೆಯೇ ಎಂದೂ ನೋಡಿ. ಗಡಿಯಾರ ಹದಿನೈದು ನಿಮಿಷ ಹಿಂದಿದ್ದರೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದಂತೆ ದಾಖಲಾಗಿರುತ್ತದೆ.

ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ಈ ವಿಷಯದಲ್ಲಿ ಉತ್ತಮ. ಅದು ಜರ್ನಲ್ ವರದಿ ಎಂಬ ಹೊಸ ಪತ್ರ ತಯಾರಿಸಿ, ಮೂಲ ಪತ್ರವನ್ನು ಬದಲಿಸದೆ ಅದಕ್ಕೆ ಲಗತ್ತಿಸಿ, ವರದಿಯ ಮೈಯಲ್ಲಿ ಕಳುಹಿಸಿದವರು, ಮೆಸೇಜ್-ಐಡಿ, ಬಿಸಿಸಿ ಸೇರಿ ಪಡೆದವರೆಲ್ಲರ ಹೆಸರನ್ನು ಬರೆಯುತ್ತದೆ. ಡೇಟಾಬೇಸ್ ಪೂರ್ತಿಗೆ ಅನ್ವಯಿಸುವ ಸಾಮಾನ್ಯ ಜರ್ನಲಿಂಗ್ ಒಂದಿದೆ. ವ್ಯಕ್ತಿ ಅಥವಾ ಗುಂಪಿನ ಮೇಲೆ ನಿಯಮ ಹಾಕುವ ಪ್ರೀಮಿಯಂ ಜರ್ನಲಿಂಗ್‌ಗೆ ಎಂಟರ್‌ಪ್ರೈಸ್ ಪರವಾನಗಿ ಬೇಕು. ತಲುಪದ ವರದಿಗಳಿಗಾಗಿ ಪರ್ಯಾಯ ಪೆಟ್ಟಿಗೆಯನ್ನು ನಿಗದಿಪಡಿಸಲು ಮರೆಯಬೇಡಿ. ಜಿಂಬ್ರಾ ಎಂಬ ಮೇಲ್ ಸರ್ವರ್ ಇದ್ದಲ್ಲಿ ‘ಜಿಂಬ್ರಾಇಂಟರ್‌ಸೆಪ್ಟ್‌ಅಡ್ರೆಸ್’ ಎಂಬ ಗುಣವನ್ನು ಖಾತೆಗೆ ಹಾಕಿದರೆ ಕಳುಹಿಸಿದ, ಪಡೆದ ಪತ್ರಗಳಷ್ಟೇ ಅಲ್ಲದೆ ಕರಡಾಗಿ ಉಳಿಸಿದವುಗಳ ಪ್ರತಿಯೂ ಬರುತ್ತದೆ.

ಕ್ಲೌಡ್‌ನಲ್ಲಿ ಇಮೇಲ್ ಇಟ್ಟವರಿಗೆ ದಾರಿ ಬೇರೆ. ಮೈಕ್ರೋಸಾಫ್ಟ್ 365ರಲ್ಲಿ ಜರ್ನಲ್ ಪೆಟ್ಟಿಗೆಯಾಗಿ ಅದರದೇ ಎಕ್ಸ್‌ಚೇಂಜ್ ಆನ್‌ಲೈನ್ ಪೆಟ್ಟಿಗೆಯನ್ನು ಕೊಡಲು ಬರುವುದಿಲ್ಲ, ಹೊರಗಿನ ಭಂಡಾರ ಬೇಕು. ಅಲ್ಲಿ ‘ಲಿಟಿಗೇಷನ್ ಹೋಲ್ಡ್’ ಹಾಕುವುದೇ ಸುಲಭ. ಅದು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಿಡಿಯುತ್ತದೆ. ಜಾರಿಯಾಗಲು 240 ನಿಮಿಷಗಳವರೆಗೆ ಹಿಡಿಯಬಹುದು, ತಡೆ ಇಲ್ಲದ ಪೆಟ್ಟಿಗೆಯಲ್ಲಿ ಪೂರ್ತಿ ಅಳಿಸಿದ ಪತ್ರ ಸಹಜವಾಗಿ 14 ದಿನ ಮಾತ್ರ ಮರಳಿ ಸಿಗುತ್ತದೆ ಎಂಬುದು ನೆನಪಿರಲಿ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಈ ಕೆಲಸಕ್ಕೆ ವಾಲ್ಟ್ ಇದೆ, ಆದರೆ ಎಲ್ಲ ಯೋಜನೆಗಳಲ್ಲೂ ಇಲ್ಲ. ನಿಮ್ಮ ಚಂದಾ ಯಾವುದೆಂದು ಮೊದಲು ನೋಡಿ.

ಭಂಡಾರವನ್ನು ನಂಬುವಂತೆ ಮಾಡುವುದು

ಭಂಡಾರದ ಸರ್ವರ್ ಮೇಲ್ ಸರ್ವರ್‌ನಿಂದ ಬೇರೆ ಯಂತ್ರದಲ್ಲಿರಲಿ, ಬೇರೆ ಪಾಸ್‌ವರ್ಡ್ ಇರಲಿ. ಪೈಲರ್‌ನಂಥ ಮುಕ್ತ ತಂತ್ರಾಂಶ ಬಳಸಿದರೆ ಪತ್ರಗಳು ಗೂಢಲಿಪಿಯಲ್ಲಿ ಉಳಿಯುತ್ತವೆ, ಹುಡುಕಲೂ ಸುಲಭ. ವಾರಕ್ಕೊಮ್ಮೆ ಆ ವಾರದ ಪತ್ರ ಮತ್ತು ಲಾಗ್‌ಗಳನ್ನು ಒಂದು ಕಟ್ಟಾಗಿ ಮಾಡಿ, ಅದರ ಎಸ್‌ಎಚ್‌ಎ-256 ಹ್ಯಾಶ್ (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಮೌಲ್ಯ) ತೆಗೆದು, ಎರಡು ಡಿಸ್ಕುಗಳಿಗೆ ಬರೆಯಿರಿ. ಒಂದು ಡಿಸ್ಕು ಕಚೇರಿಯಿಂದ ಹೊರಗಿರಲಿ. ತಗಡಿನ ಚಾವಣಿಯ ಗೋದಾಮು ಅದಕ್ಕೆ ಜಾಗವಲ್ಲ, ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಡಿಸ್ಕು ಉಳಿಯುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ಒಂದು ದಪ್ಪ ರಿಜಿಸ್ಟರ್ ಇಡಿ. ದಿನಾಂಕ, ಕಟ್ಟಿನ ಹೆಸರು, ಹ್ಯಾಶ್, ಡಿಸ್ಕಿನ ಕ್ರಮಸಂಖ್ಯೆ, ಯಾರು ಮಾಡಿದರು, ಯಾರು ಎದುರಿಗಿದ್ದರು, ಇಬ್ಬರ ಸಹಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದನ್ನು ದಾಖಲೆ ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು, ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲೂ ಪ್ರಮಾಣಪತ್ರದ ಷರತ್ತು ಇತ್ತು, ಅದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಹ್ಯಾಶನ್ನು ಸಂರಕ್ಷಿಸಿದ ದಿನವೇ ತೆಗೆದಿಟ್ಟರೆ ಸಹಿ ಮಾಡುವವರ ಕೈ ನಡುಗುವುದಿಲ್ಲ.

ಪ್ರತಿ ವಾರ ಒಂದು ಪರೀಕ್ಷೆ ಮಾಡಿ. ಬಿಸಿಸಿ ಇರುವ, ಲಗತ್ತು ಇರುವ, ಸಾಮೂಹಿಕ ವಿಳಾಸಕ್ಕೆ ಹೋಗುವ ಒಂದು ಪತ್ರ ಕಳುಹಿಸಿ, ಎರಡೂ ಕಡೆ ತಕ್ಷಣ ಅಳಿಸಿ, ಭಂಡಾರದಲ್ಲಿ ಅದು ಇದೆಯೇ ನೋಡಿ. ಲಾಗ್‌ನಿಂದ ಲಕೋಟೆ ಕಟ್ಟಿ ನೋಡಿ. ಫಲಿತಾಂಶವನ್ನು ಅದೇ ರಿಜಿಸ್ಟರ್‌ನಲ್ಲಿ ಬರೆಯಿರಿ.

ನೌಕರರಿಗೆ ಹೇಳುವುದು

ಗುಟ್ಟಾಗಿ ಮಾಡಬೇಡಿ. ಇದು ಜನರ ಪತ್ರಗಳನ್ನು ಹಿಡಿದಿಡುವ ಕೆಲಸ, ಅವರಿಗೆ ತಿಳಿದಿರುವುದು ನ್ಯಾಯ. ನೇಮಕದ ವೇಳೆ ಸಹಿ ಮಾಡಿಸುವ ಇಮೇಲ್ ನೀತಿಯಲ್ಲೇ ಜರ್ನಲಿಂಗ್ ಇದೆ ಎಂದು ಬರೆದಿರಬೇಕು. ಭಂಡಾರವನ್ನು ತೆರೆಯಲು ಇಬ್ಬರ ಲಿಖಿತ ಒಪ್ಪಿಗೆ ಬೇಕು, ವ್ಯಾಜ್ಯಕ್ಕೆ ಸಂಬಂಧಿಸಿದ ಹೆಸರು ಮತ್ತು ದಿನಾಂಕದ ಮಿತಿಯಲ್ಲೇ ಹುಡುಕಬೇಕು. ಮಾಲೀಕರೇ ಬಂದು ‘ಸುಮ್ಮನೆ ಒಮ್ಮೆ ನೋಡೋಣ’ ಎಂದರೂ ಸರ್ವರ್ ನೋಡಿಕೊಳ್ಳುವವರು ಇಲ್ಲ ಎನ್ನಬೇಕು. ಸಂಸ್ಥೆಯ ವಕೀಲರೊಂದಿಗಿನ ಪತ್ರವ್ಯವಹಾರವನ್ನು ಬೇರೆಯಾಗಿ ಗುರುತಿಸಿಡಿ, ಅದು ಎದುರು ಪಕ್ಷಕ್ಕೆ ಕೊಡುವ ಕಟ್ಟಿನೊಳಗೆ ಬೆರೆಯಬಾರದು.

ಸುತ್ತೋಲೆ ಹೀಗಿರಬಹುದು:

‘ಮಾನ್ಯರೇ, ನಮ್ಮ ಸಂಸ್ಥೆಯ ಒಂದು ಮಾರಾಟ ವ್ಯವಹಾರದ ಬಗ್ಗೆ ವ್ಯಾಜ್ಯ ಉಂಟಾಗಿದೆ. ಈ ವ್ಯವಹಾರಕ್ಕೆ ಸಂಬಂಧಿಸಿದ ಇಮೇಲ್, ಕಡತ, ಫೋಟೊ, ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಮುಂದಿನ ಲಿಖಿತ ಸೂಚನೆಯವರೆಗೆ ಅಳಿಸಬಾರದು, ಬದಲಿಸಬಾರದು. ಕಚೇರಿಯ ಇಮೇಲ್‌ಗಳ ಪ್ರತಿಯನ್ನು ಸರ್ವರ್‌ನಲ್ಲೇ ಸಂರಕ್ಷಿಸಲಾಗುತ್ತಿದೆ. ಮೊಬೈಲ್ ಅಥವಾ ಕಂಪ್ಯೂಟರ್ ಬದಲಿಸುವ ಮೊದಲು ದಯವಿಟ್ಟು ಕಚೇರಿಗೆ ತಿಳಿಸಿ. ಓದಿ ಸಹಿ ಮಾಡಿ.’

ವಾಟ್ಸ್‌ಆ್ಯಪ್ ಹೆಸರನ್ನು ಬೇಕೆಂದೇ ಸೇರಿಸಿದ್ದೇನೆ. ಅಡತಿದಾರರೊಂದಿಗೆ ದರ ಕುದುರುವುದು, ಲಾರಿಯ ಫೋಟೊ ಕಳುಹಿಸುವುದು ಅದರಲ್ಲೇ. ಸರ್ವರ್ ಜರ್ನಲಿಂಗ್ ಅದನ್ನು ಮುಟ್ಟುವುದೂ ಇಲ್ಲ. ನೌಕರರ ಸ್ವಂತ ಜಿಮೇಲ್‌ನಿಂದ ಹೋದ ಪತ್ರಗಳನ್ನೂ ಹಿಡಿಯುವುದಿಲ್ಲ. ಅಂಥವನ್ನು ಅವರ ಒಪ್ಪಿಗೆಯಿಂದ, ಅವರೆದುರೇ ಪ್ರತಿ ತೆಗೆದು ರಿಜಿಸ್ಟರ್‌ನಲ್ಲಿ ಬರೆಯಬೇಕು.

ತಡೆ ತೆಗೆಯುವುದು

ತೀರ್ಪು ಬಂದ ದಿನ ತೆಗೆಯಬೇಡಿ. ವಾಣಿಜ್ಯ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿಗೆ 60 ದಿನಗಳ ಅವಕಾಶ ಇದೆ, ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋದರೆ ಮತ್ತೆ ಸಮಯ ಹಿಡಿಯುತ್ತದೆ. ದಾವೆಯೇ ಆಗದೆ ನಿಂತ ತಕರಾರಿನಲ್ಲೂ ಒಪ್ಪಂದ ಭಂಗದ ದಾವೆಗೆ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಅಲ್ಲಿಯವರೆಗೆ ಕಾಯಿರಿ. ವಕೀಲರು ಲಿಖಿತವಾಗಿ ತಿಳಿಸಿದ ಮೇಲೆ ಬಿಸಿಸಿ ಪಟ್ಟಿಯಿಂದ ಹೆಸರುಗಳನ್ನು ತೆಗೆದು, ಆಟೋಎಕ್ಸ್‌ಪಂಜ್ ಮತ್ತೆ ಹಾಕಿ, ಸಿಬ್ಬಂದಿಗೆ ತಿಳಿಸಿ. ಅದೇ ಇಮೇಲ್‌ಗಳು ಬೇರೊಂದು ವ್ಯಾಜ್ಯದ ತಡೆಯಲ್ಲೂ ಇದ್ದರೆ ಆ ಕಟ್ಟುಗಳನ್ನು ಮುಟ್ಟಬೇಡಿ. ಉಳಿದ ಡಿಸ್ಕುಗಳನ್ನು ಪೂರ್ತಿ ಅಳಿಸಿ, ಕ್ರಮಸಂಖ್ಯೆ ಮತ್ತು ದಿನಾಂಕದೊಂದಿಗೆ ರಿಜಿಸ್ಟರ್‌ನಲ್ಲಿ ಬರೆದು ಇಬ್ಬರೂ ಸಹಿ ಮಾಡಿ.